ಒಂದೇ ಒಂದು ಎಚ್‌ಪಿ ಇರೋನ ಕಥೆ

ಪೋಕೆಮಾನ್ ಆಡಿದವರಿಗೆ ಒಂದು ಪ್ರಶ್ನೆ. ಆ ಆಟದಲ್ಲಿ ಅತಿ ದುರ್ಬಲ ಜೀವಿ ಯಾವುದು?

ಮುಕ್ಕಾಲು ಪಾಲು ಜನ ಮ್ಯಾಜಿಕಾರ್ಪ್ ಅಂತಾರೆ. ಬಿದ್ದಲ್ಲೇ ಒದ್ದಾಡೋದು ಬಿಟ್ಟರೆ ಬೇರೇನೂ ಬಾರದ ಆ ಕೆಂಪು ಮೀನು. ನನ್ನ ತಮ್ಮನನ್ನು ಕೇಳಿದರೆ ಮಾತ್ರ, ಹತ್ತು ವರ್ಷದವನಿದ್ದಾಗಲೂ ಈಗಲೂ, ಒಂದೇ ಉತ್ತರ: ಶೆಡಿಂಜಾ. ಹಾಗಾದರೆ ಅತಿ ಬಲಶಾಲಿ ಯಾವುದೋ ಅಂತ ಕೇಳಿ. ಅದಕ್ಕೂ ಶೆಡಿಂಜಾ ಅಂತಲೇ ಹೇಳ್ತಾನೆ.

ತಲೆಹರಟೆ ಅಂದುಕೊಳ್ಳಬೇಡಿ. ಎರಡೂ ನಿಜ.

ಪೋಕೆಮಾನ್ ಗೊತ್ತಿಲ್ಲದವರಿಗೆ ಎರಡೇ ಮಾತಲ್ಲಿ ಹೇಳಿಬಿಡ್ತೀನಿ. ನಿಮ್ಮ ತಂಡದಲ್ಲಿ ಆರು ಜೀವಿಗಳಿರುತ್ತವೆ. ಪ್ರತಿಯೊಂದಕ್ಕೂ ಒಂದೋ ಎರಡೋ ಟೈಪ್ ಇರುತ್ತೆ: ನೀರು, ಬೆಂಕಿ, ಹುಲ್ಲು, ಬಂಡೆ, ಭೂತ, ಹೀಗೆ ಈಗ ಒಟ್ಟು 18. ನೀರಿನ ಏಟು ಬೆಂಕಿಗೆ ಜೋರಾಗಿ ತಾಗುತ್ತೆ, ಬೆಂಕಿಯದು ಹುಲ್ಲಿಗೆ, ಹುಲ್ಲಿನದು ನೀರಿಗೆ. ಹೀಗೆ ಜೋರಾಗಿ ತಾಗುವ ಏಟಿಗೆ ‘ಸೂಪರ್ ಎಫೆಕ್ಟಿವ್’ ಅಂತ ಹೆಸರು. ಏಟು ಬಿದ್ದ ಹಾಗೆಲ್ಲ ಎಚ್‌ಪಿ, ಅಂದರೆ ಜೀವ, ಕಮ್ಮಿ ಆಗುತ್ತೆ. ಸೊನ್ನೆಗೆ ಬಂದರೆ ಔಟ್.

ಪಳಗಿದ ಜೀವಿಗಳಿಗೆ ಎಚ್‌ಪಿ ಮುನ್ನೂರು, ನಾನೂರು ಇರೋದು ಮಾಮೂಲು. ಬ್ಲಿಸ್ಸಿ ಅನ್ನೋ ದಪ್ಪ ಗುಲಾಬಿ ನರ್ಸಮ್ಮನದು ಏಳುನೂರು ದಾಟುತ್ತೆ. ಶೆಡಿಂಜಾಗೆ ಎಷ್ಟು ಗೊತ್ತಾ?

ಒಂದು. ನೂರನೇ ಲೆವೆಲ್‌ಗೆ ಹೋದರೂ ಒಂದೇ. ಎಷ್ಟು ಸಾಕಿ, ಏನು ತಿನ್ನಿಸಿ, ಒಂದು ಎರಡಾಗೋದಿಲ್ಲ.

ಅದು ಹುಟ್ಟೋ ರೀತಿಯೇ ವಿಚಿತ್ರ. 2002ರಲ್ಲಿ ಜಪಾನಿನಲ್ಲಿ ಬಂದ ‘ರೂಬಿ’ ಮತ್ತು ‘ಸಫೈರ್’ ಆಟಗಳಲ್ಲಿ ನಿಂಕಾಡಾ ಅಂತ ಮಣ್ಣಿನ ಹುಳು ಸಿಗುತ್ತೆ. 20ನೇ ಲೆವೆಲ್‌ನಲ್ಲಿ ಅದು ರೆಕ್ಕೆ ಬಂದು ನಿಂಜಾಸ್ಕ್ ಆಗುತ್ತೆ. ಬಾಣದಂಥ ವೇಗ, ಪ್ರತಿ ಸರದಿಗೂ ಇನ್ನಷ್ಟು ವೇಗ. ಎಲ್ಲರೂ ಚಪ್ಪಾಳೆ ತಟ್ಟೋದು ಅದಕ್ಕೇ. ಆಮೇಲೆ ತಂಡದ ಪಟ್ಟಿ ತೆಗೆದು ನೋಡಿದರೆ, ಖಾಲಿ ಇದ್ದ ಜಾಗದಲ್ಲಿ ಯಾರೋ ಕೂತಿರ್ತಾರೆ. ಕರೆದಿಲ್ಲ, ಹಿಡಿದಿಲ್ಲ, ‘ಹೊಸಬ ಬಂದ’ ಅಂತ ಆಟ ಒಂದು ಮಾತೂ ಹೇಳಿಲ್ಲ. ಹುಳು ಕಳಚಿ ಬಿಟ್ಟುಹೋದ ಪೊರೆಯೇ ಎದ್ದು ಬಂದು ತಂಡ ಸೇರಿಕೊಂಡಿರುತ್ತೆ. ಅದೇ ಶೆಡಿಂಜಾ. ತಂಡದಲ್ಲಿ ಖಾಲಿ ಜಾಗ ಇಲ್ಲದಿದ್ದರೆ ಅದು ಬರೋದೇ ಇಲ್ಲ. 2006ರ ‘ಡೈಮಂಡ್’, ‘ಪರ್ಲ್’ ಆಟಗಳಿಂದ ಈಚೆಗೆ ಚೀಲದಲ್ಲಿ ಒಂದು ಪೋಕೆ ಬಾಲ್ ಕೂಡ ಮಿಕ್ಕಿರಬೇಕು.

ಜಪಾನಿ ಭಾಷೆಯಲ್ಲಿ ಇದರ ಹೆಸರು ನುಕೆನಿನ್. ಕಳಚಿದ ಪೊರೆಗೆ ಅಲ್ಲಿ ‘ನುಕೆಗಾರಾ’ ಅಂತಾರೆ, ಅದಕ್ಕೆ ನಿಂಜಾ ಸೇರಿಸಿ ಮಾಡಿದ ಹೆಸರು. ಪೋಕೆಮಾನ್ ಹುಟ್ಟುಹಾಕಿದ ಸತೋಶಿ ತಾಜಿರಿ ಚಿಕ್ಕವನಿದ್ದಾಗ ಹುಳು ಹಿಡಿದು ಕೂಡಿಡೋ ಹುಚ್ಚಿನವನಂತೆ. ಇಡೀ ಆಟವೇ ಆ ಹುಚ್ಚಿನಿಂದ ಬಂದದ್ದು.

ನಮ್ಮ ಊರು ಸಾಗರದ ಹತ್ತಿರ. ಈ ಪೊರೆಯನ್ನು ನಮಗೆ ಯಾರೂ ಜಪಾನಿನಿಂದ ತಂದು ತೋರಿಸಬೇಕಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಕಿವಿ ಕಿತ್ತುಹೋಗೋ ಹಾಗೆ ಕೂಗುತ್ತಲ್ಲ ಜೀರುಂಡೆ, ಅದರದ್ದೇ. ಮರಿ ವರ್ಷಗಟ್ಟಲೆ ಮಣ್ಣಿನೊಳಗೆ ಬೇರಿನ ರಸ ಕುಡಿದು ಬದುಕುತ್ತೆ. ಒಂದು ದಿನ ಮೇಲೆ ಬಂದು ಮರ ಹತ್ತಿ, ಬೆನ್ನು ಸೀಳಿಕೊಂಡು, ಹಾರಿಹೋಗುತ್ತೆ. ಕಂದು ಬಣ್ಣದ ಖಾಲಿ ಪೊರೆ ಕಾಲು ಊರಿಕೊಂಡು ಅಲ್ಲೇ ಉಳಿಯುತ್ತೆ. ಹಲಸಿನ ಮರದಿಂದ ಅದನ್ನು ಬಿಡಿಸಿ ನನ್ನ ಜಡೆಗೆ ಸಿಕ್ಕಿಸೋದು ತಮ್ಮನ ಕೆಲಸವಾಗಿತ್ತು.

ಹಾಗಿದ್ದವನ ಕೈಗೆ 2006ರ ಬೇಸಿಗೆ ರಜೆಯಲ್ಲಿ ಕ್ಯಾಲಿಫೋರ್ನಿಯಾದ ಸೋದರಮಾವ ಒಂದು ಹಳೇ ಗೇಮ್ ಬಾಯ್ ಅಡ್ವಾನ್ಸ್ ಇಟ್ಟರು. ಜೊತೆಗೆ ‘ಎಮರಾಲ್ಡ್’ ಕಾರ್ಟ್ರಿಡ್ಜ್. ಮಾವನ ಮಗನಿಗೆ ಅದು ಬೇಜಾರಾಗಿತ್ತಂತೆ. ತಮ್ಮನಿಗೆ ಉಬ್ಬಸ. ತೋಟಕ್ಕೆ ಹೋಗಬೇಡ, ಮಳೇಲಿ ನೆನೀಬೇಡ, ಓಡಬೇಡ ಅಂತ ದಿನಕ್ಕೆ ಹತ್ತು ಸಲ ಅನ್ನಿಸಿಕೊಳ್ಳುತ್ತಿದ್ದ ಹುಡುಗ. ಮೊದಲ ಸಲ ಶೆಡಿಂಜಾ ಬಂದು ತಂಡದಲ್ಲಿ ಕೂತಾಗ ಕಿರುಚಿದ್ದು ನನಗೆ ಇನ್ನೂ ನೆನಪಿದೆ: ‘ಅಕ್ಕಾ, ಇವ್ನಿಗೆ ಒಂದೇ ಎಚ್‌ಪಿ! ನನ್ ಥರಾನೇ!’

ಆಮೇಲೆ ಪೇಟೆಯ ಸೈಬರ್ ಸೆಂಟರ್‌ಗೆ ಹೋಗಿ, ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು, ಅದರ ಬಗ್ಗೆ ಇದ್ದದ್ದನ್ನೆಲ್ಲ ಓದಿ ಬಂದ. ಅವನ ಕಣ್ಣು ಅರಳಿದ್ದು ಒಂದು ಪದಕ್ಕೆ. ವಂಡರ್ ಗಾರ್ಡ್.

ವಂಡರ್ ಗಾರ್ಡ್ ಅಂದರೆ ಕವಚ. ಸೂಪರ್ ಎಫೆಕ್ಟಿವ್ ಅಲ್ಲದ ಯಾವ ಏಟೂ ಶೆಡಿಂಜಾನ ಮುಟ್ಟೋದಿಲ್ಲ. ಕಮ್ಮಿ ತಾಗುತ್ತೆ ಅಂತಲ್ಲ, ತಾಗೋದೇ ಇಲ್ಲ. ಶೆಡಿಂಜಾ ಹುಳು ಮತ್ತು ಭೂತ ಟೈಪ್. ಅದಕ್ಕೆ ಜೋರಾಗಿ ತಾಗೋದು ಬೆಂಕಿ, ಬಂಡೆ, ಹಾರುವ ಟೈಪ್, ಭೂತ, ಕತ್ತಲೆ, ಈ ಐದೇ. ಹದಿನೆಂಟರಲ್ಲಿ ಉಳಿದ ಹದಿಮೂರೂ ವೇಸ್ಟ್. ಸಮುದ್ರವನ್ನೇ ಉಕ್ಕಿಸುವ ಕಯೋಗ್ರೆ ಬಂದು ಇಡೀ ದಿನ ನೀರು ಎರಚಲಿ, ಇವನು ಸುಮ್ಮನೆ ಗಾಳಿಯಲ್ಲಿ ತೇಲುತ್ತಾ ಇರ್ತಾನೆ. ತೂಕ 1.2 ಕೆಜಿ, ಎತ್ತರ 80 ಸೆಂಟಿಮೀಟರ್. ಎದುರಾಳಿಯ ಹತ್ತಿರ ಆ ಐದರಲ್ಲಿ ಒಂದೂ ಇಲ್ಲದಿದ್ದರೆ ಆಟ ಬಹುಮಟ್ಟಿಗೆ ಮುಗಿದ ಹಾಗೇ.

ಇನ್ನು ದೌರ್ಬಲ್ಯ. ಆ ಐದು ಟೈಪ್ ಅಂತೂ ಇದ್ದೇ ಇದೆ, ಒಂದು ಏಟು ಸಾಕು. ಅದಕ್ಕಿಂತ ಮೋಸದ್ದು, ಏಟೇ ಅಲ್ಲದ ಏಟುಗಳು. ಟೈರಾನಿಟಾರ್ ಬಂದ ಅಂದರೆ ಮರಳುಗಾಳಿ ಏಳುತ್ತೆ. ಉಳಿದವರಿಗೆ ಕಣ್ಣಿಗೆ ಧೂಳು ಬಿದ್ದ ಹಾಗೆ, ಇವನಿಗೆ ಪ್ರಾಣವೇ ಹೋಗುತ್ತೆ. ಅದು ಇವನಿಗೆ ಅಂತ ಗುರಿ ಇಟ್ಟದ್ದೂ ಅಲ್ಲ. ವಿಷ ಹತ್ತಿದರೆ ಮುಗೀತು. ಮೈ ಸುಟ್ಟರೆ ಮುಗೀತು. ‘ಡೈಮಂಡ್’ ಆಟದಿಂದ ಸ್ಟೆಲ್ತ್ ರಾಕ್ ಅಂತ ಬಂತು: ಕಣದ ಸುತ್ತ ಚೂಪು ಕಲ್ಲು ತೇಲಿಬಿಡೋದು. ಇವನು ಹೋರಾಡೋಕೆ ಅಂತ ಕಣಕ್ಕೆ ಕಾಲಿಟ್ಟ ಕ್ಷಣವೇ ಸತ್ತ.

ಫೋನಿನಲ್ಲಿ ಪೋಕೆಮಾನ್ ಗೋ ಆಡುವವರು ‘ಇವನೇನು ಮಹಾ, ಬರೀ ದಂಡ’ ಅಂತ ಹೇಳಬಹುದು. ಸರಿಯೇ. ಗೋ ಆಟದಲ್ಲಿ ವಂಡರ್ ಗಾರ್ಡ್ ಇಲ್ಲ. ಕವಚ ತೆಗೆದುಬಿಟ್ಟರೆ ಉಳಿಯೋದು ಖಾಲಿ ಪೊರೆ ಮಾತ್ರ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈ ವರ್ಷ ಯುಗಾದಿಗೆ ನಾನು ಒಂದು ತಪ್ಪು ಮಾಡಿದೆ.

ತಮ್ಮ ಈಗ ದೊಡ್ಡವನು. ಉಬ್ಬಸ ಎಲ್ಲೋ ಬಿಟ್ಟುಹೋಗಿದೆ. ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿದ್ದ. ಜನವರಿಯಲ್ಲಿ ಹತ್ತು ನಿಮಿಷದ ವಿಡಿಯೊ ಕಾಲ್‌ನಲ್ಲಿ ಇವನ ಟೀಮನ್ನೇ ಮನೆಗೆ ಕಳಿಸಿದರು. ಅವನು ಮಾಡಿದ್ದೇನು? ಫ್ಯಾಮಿಲಿ ಗ್ರೂಪಿನಲ್ಲಿ ‘ಇನ್ಮೇಲೆ ಎಲ್ರ ಮದ್ವೆಗೂ ರಜಾ ಸಿಗತ್ತೆ’ ಅಂತ ಹಾಕಿ ನಗೋ ಮುಖ ಒತ್ತಿದ. ಚಿಕ್ಕಪ್ಪ ‘ಸರ್ಕಾರಿ ಕೆಲ್ಸ ನೋಡ್ಬೋದಿತ್ತು’ ಅಂದರು, ನಕ್ಕ. ಅತ್ತೆ ‘ಪಾಪ, ಹುಡುಗಿ ಕಡೆಯವ್ರು ಏನಂತಾರೋ’ ಅಂದರು, ಅದಕ್ಕೂ ನಕ್ಕ. ಇಂಟರ್‌ವ್ಯೂಗಳಲ್ಲಿ ಒಂದಾದ ಮೇಲೊಂದು ರಿಜೆಕ್ಟ್ ಆಯಿತು. ಅದನ್ನೂ ಜೋಕು ಮಾಡಿ ಹೇಳ್ತಿದ್ದ. ನಮಗೆಲ್ಲ ಅನ್ನಿಸಿದ್ದು, ಇವನಿಗೆ ಏನೂ ತಾಗೋದೇ ಇಲ್ಲ ಅಂತ.

ಯುಗಾದಿ ದಿನ ಊಟಕ್ಕೆ ಕೂತಿದ್ದೆವು. ನಾನು ಹಿಂದಿನ ರಾತ್ರಿಯ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದವಳು, ಆಫೀಸಿನ ತಲೆನೋವು ಬೇರೆ. ಯಾವುದೋ ಕಂಪನಿ ಕಮ್ಮಿ ಸಂಬಳಕ್ಕೆ ಕರೆದಿತ್ತಂತೆ, ಇವನು ಬೇಡ ಅಂದನಂತೆ. ಅದನ್ನು ನಗುನಗುತ್ತಾ ಹೇಳಿದ. ನನಗೆ ಎಲ್ಲಿತ್ತೋ ಸಿಟ್ಟು.

‘ಅಪ್ಪ ಒಂದ್ ಎಕ್ರೆ ತೋಟ ಮಾರಿ ನಿನ್ನ ಓದ್ಸಿದ್ದು ಇದಕ್ಕೇನೋ?’

ಅವನ ಕೈಯಲ್ಲಿ ಅರ್ಧ ಹೋಳಿಗೆ ಇತ್ತು. ಎಲೆಯ ಮೇಲೆ ಇಟ್ಟ. ಎದ್ದು ಕೈ ತೊಳೆದ. ಬ್ಯಾಗ್ ತಗೊಂಡು ಸಂಜೆಯೇ ಬಸ್ ಹತ್ತಿದ. ಅಪ್ಪ ಏನೂ ಹೇಳಲಿಲ್ಲ. ಅಮ್ಮ ಮಾತ್ರ ‘ಅಷ್ಟು ಹೇಳ್ಬೇಕಿತ್ತಾ ನೀನು’ ಅಂದಳು.

ನಿಜ ಹೇಳ್ತೀನಿ. ಅದು ಬಾಯಿತಪ್ಪಿ ಬಂದ ಮಾತಲ್ಲ. ಆರಿಸಿ ಹೊಡೆದ ಮಾತು. ತೋಟ ರಿಜಿಸ್ಟ್ರೇಷನ್ ಆದ ರಾತ್ರಿ ಕೊಟ್ಟಿಗೆಯ ಹಿಂದೆ ಕೂತು ಅವನು ಅತ್ತಿದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ನನಗೆ ಗೊತ್ತು. ‘ನಂಗೋಸ್ಕರ ಹೋಯ್ತಲ್ಲ ಅಕ್ಕಾ’ ಅಂತ ಅವನು ನನ್ನೊಬ್ಬಳ ಹತ್ತಿರ ಹೇಳಿದ್ದ. ಊರಿನವರ ಮಾತು, ಕಂಪನಿಯ ಮಾತು ಅವನ ಕವಚಕ್ಕೆ ಬಡಿದು ಬಿದ್ದುಹೋಗುತ್ತಿದ್ದವು. ಯಾಕೆಂದರೆ ಅವರಿಗೆ ಅವನ ಟೈಪ್ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಹೊಡೆದೆ.

ಆಮೇಲೆ ಫೋನ್ ಮಾಡಿದರೆ ಎತ್ತಲಿಲ್ಲ. ಮೆಸೇಜ್‌ಗೆ ನೀಲಿ ಗೀಟು ಬರುತ್ತಿತ್ತು, ಉತ್ತರ ಇಲ್ಲ. ಅಮ್ಮನ ಹತ್ತಿರ ಮಾತ್ರ ಎರಡು ದಿನಕ್ಕೊಮ್ಮೆ ಮಾತಾಡುತ್ತಿದ್ದ. ‘ಚೆನ್ನಾಗಿದೀನಿ’ ಅಂತ ಅಷ್ಟೇ.

ಮೇ ಕೊನೆಯಲ್ಲಿ ಮತ್ತೆ ಊರಿಗೆ ಹೋದೆ. ಮಳೆಗೆ ಮುಂಚೆ ಅಟ್ಟ ಖಾಲಿ ಮಾಡಬೇಕು ಅಂತ ಅಮ್ಮ ಹಟ ಹಿಡಿದಿದ್ದಳು. ಹಳೇ ಸ್ಕೂಲ್ ಬ್ಯಾಗಿನ ತಳದಲ್ಲಿ, ಜ್ಯಾಮಿಟ್ರಿ ಬಾಕ್ಸಿನ ಪಕ್ಕ, ಬಟ್ಟೆಯಲ್ಲಿ ಸುತ್ತಿ ಇಟ್ಟ ಗೇಮ್ ಬಾಯ್ ಸಿಕ್ಕಿತು. ಎರಡು ಪೆನ್ಸಿಲ್ ಸೆಲ್ ಹಾಕಿದೆ. ಹತ್ತಿಕೊಂಡಿತು! ಅದರ ಸ್ಕ್ರೀನಿಗೆ ಒಳಗಿನ ಬೆಳಕಿಲ್ಲ, ಜಗಲಿಗೆ ತಂದು ಬಿಸಿಲಿಗೆ ಹಿಡಿದರೆ ಮಾತ್ರ ಕಾಣುತ್ತೆ. ಕಾರ್ಟ್ರಿಡ್ಜಿನ ಒಳಗಿರುವ ಬ್ಯಾಟರಿ ಸತ್ತಿದೆ, ಗಡಿಯಾರಕ್ಕೆ ಸಂಬಂಧಪಟ್ಟದ್ದು ನಡೆಯೋದಿಲ್ಲ, ಆದರೆ ಆಟ ಆಡಬಹುದು ಅಂತ ಬಂತು. ಸರಿ ಅಂತ ಒತ್ತಿದೆ.

ತಮ್ಮ ಕೊನೆಯ ಸಲ ಸೇವ್ ಮಾಡಿದ್ದು ಚಾಂಪಿಯನ್ ವಾಲೇಸ್‌ನ ಕೋಣೆಯ ಬಾಗಿಲಲ್ಲಿ. ಬಹುಶಃ ಹಾಸ್ಟೆಲಿಗೆ ಹೊರಟ ಹಿಂದಿನ ದಿನ. ತಂಡದ ಪಟ್ಟಿ ತೆಗೆದೆ. ಆರನೇ ಜಾಗದಲ್ಲಿ ಅವನು ಇದ್ದ. ಎಚ್‌ಪಿ ಒಂದರಲ್ಲಿ ಒಂದು.

ಹೊರಗೆ ಜೀರುಂಡೆಗಳು ಕೂಗುತ್ತಾ ಇದ್ದವು. ನಾನು ಬಾಗಿಲು ದಾಟಿದೆ.

ವಾಲೇಸ್ ಮೊದಲು ಬಿಟ್ಟದ್ದು ವೇಲಾರ್ಡ್. ಹದಿನಾಲ್ಕೂವರೆ ಮೀಟರ್ ಉದ್ದದ ತಿಮಿಂಗಿಲ. ನಾನು ಶೆಡಿಂಜಾನ ಕಳಿಸಿದೆ. ತಿಮಿಂಗಿಲ ನೀರು ಚಿಮ್ಮಿಸಿತು, ಏನೂ ಆಗಲಿಲ್ಲ. ಹಿಮಗಾಳಿ ಬೀಸಿತು, ಏನೂ ಆಗಲಿಲ್ಲ. ಮಳೆ ತರಿಸಿತು, ಮೈಮೇಲೆ ಬಂದು ಬಿತ್ತು, ಊಹೂಂ. ಒಂದು ಎಚ್‌ಪಿಯ ಪೊರೆ ನಿಧಾನಕ್ಕೆ ಹೊಡೆದು ಹೊಡೆದು ತಿಮಿಂಗಿಲವನ್ನು ಕೆಡವಿತು. ನಾನು ಜಗಲಿಯಲ್ಲಿ ಒಬ್ಬಳೇ ಕೂತು ‘ಹೋ’ ಅಂದೆ. ಅಪ್ಪ ಪೇಪರಿನಿಂದ ತಲೆ ಎತ್ತಿ ನೋಡಿದರು.

ಮುಂದೆ ಬಂದದ್ದು ಟೆಂಟಾಕ್ರುಯಲ್. ಗೆದ್ದ ಹುರುಪಿನಲ್ಲಿ ಶೆಡಿಂಜಾನನ್ನೇ ಮುಂದುವರಿಸಿದೆ. ಅದು ಒಂದೇ ಒಂದು ಸಲ ವಿಷ ಹಾಕಿತು. ಅಷ್ಟೇ, ಆ ಸರದಿಯ ಕೊನೆಗೆ ಪೊರೆ ಉರುಳಿಬಿತ್ತು. ಆಮೇಲೆ ಉಳಿದ ಐವರನ್ನು ಹೇಗೆ ಆಡಿಸಬೇಕು ಅಂತಲೂ ತಿಳಿಯದೆ ಪೂರ್ತಿ ಸೋತೆ.

ಆಫ್ ಮಾಡಿ ಆನ್ ಮಾಡಿದೆ. ಅದೇ ಬಾಗಿಲು, ಅದೇ ಒಂದು ಎಚ್‌ಪಿ. ಆ ಸ್ಕ್ರೀನಿನ ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ‘ಸಾರಿ’ ಅಂತ ಬರೆದು ಅಳಿಸಿದೆ, ಇನ್ನೇನೋ ಬರೆದು ಅದನ್ನೂ ಅಳಿಸಿದೆ. ಕೊನೆಗೆ ಬರೀ ಫೋಟೋ ಹೋಯಿತು.

ಅರ್ಧ ಗಂಟೆ ಬಿಟ್ಟು ಉತ್ತರ ಬಂತು. ಎರಡೂವರೆ ತಿಂಗಳಲ್ಲಿ ಮೊದಲನೆಯದು.

‘ಟೆಂಟಾಕ್ರುಯಲ್ ಬಂದ್ರೆ ಅವ್ನನ್ನ ವಾಪಸ್ ಕರ್ಕೋ.’

ನಾನು ಫೋನೇ ಮಾಡಿಬಿಟ್ಟೆ. ಎತ್ತಿದ. ಇಬ್ಬರೂ ಸ್ವಲ್ಪ ಹೊತ್ತು ಪೋಕೆಮಾನ್ ಬಗ್ಗೆಯೇ ಮಾತಾಡಿದೆವು. ‘ಗ್ಯಾರಡೋಸ್ ಬಂದಾಗ ಮತ್ತೆ ಕಳ್ಸು, ಅದ್ರ ಹತ್ರ ಇವ್ನಿಗೆ ತಾಗೋದು ಏನೂ ಇಲ್ಲ’ ಅಂದ. ಮಿಲೋಟಿಕ್ ಹತ್ತಿರವೂ ವಿಷ ಇದೆ, ಹುಷಾರು ಅಂದ. ಆಮೇಲೆ ನಾನು ಹೇಳಬೇಕಾದ್ದನ್ನು ಹೇಳಿದೆ. ಚೆನ್ನಾಗಿ ಹೇಳಲಿಲ್ಲ, ಮಧ್ಯೆ ಮಧ್ಯೆ ನಿಂತುಹೋಯಿತು. ತೋಟದ ಮಾತು ನಾನು ಎತ್ತಬಾರದಿತ್ತು ಕಣೋ, ಬೇರೆ ಯಾರು ಎತ್ತಿದ್ದರೂ ನಾನು ಎತ್ತಬಾರದಿತ್ತು ಅಂದೆ.

ಅವನು ಸುಮ್ಮನಿದ್ದ. ಆಮೇಲೆ ಅಂದ: ‘ಅಕ್ಕ, ಶೆಡಿಂಜಾಗೆ ಇನ್ನೊಂದು ವೀಕ್‌ನೆಸ್ ಇದೆ, ಯಾರೂ ಹೇಳಲ್ಲ. ಕನ್‌ಫ್ಯೂಸ್ ಆದ್ರೆ ಅವ್ನು ತನ್ನನ್ನೇ ತಾನು ಹೊಡ್ಕೋತಾನಲ್ಲ, ಆ ಏಟಿಗೆ ವಂಡರ್ ಗಾರ್ಡ್ ಕೆಲ್ಸ ಮಾಡಲ್ಲ. ತನ್ನ ಕೈಯಿಂದ್ಲೇ ಹೋಗ್ತಾನೆ. ಜನವರಿಯಿಂದ ನಂದು ಅದೇ ಕಥೆ.’

ಗ್ರೂಪಿನಲ್ಲಿ ಅವನು ಹಾಕಿದ ನಗೋ ಮುಖಗಳೆಲ್ಲ ಒಮ್ಮೆಗೇ ನೆನಪಾದವು. ಕಮ್ಮಿ ಸಂಬಳದ ಆ ಕೆಲಸ ಬೇಡ ಅಂದದ್ದು ಅಹಂಕಾರಕ್ಕಲ್ಲ. ಅದರಲ್ಲಿ ರಾತ್ರಿ ಪಾಳಿ ಇತ್ತು, ಅವನಿಗೆ ಆಗಲೇ ನಿದ್ದೆ ಬರುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗಿ ಮಾತ್ರೆ ಶುರು ಮಾಡಿದ್ದನಂತೆ. ಅದನ್ನು ಹೋಳಿಗೆ ತಿನ್ನುತ್ತಾ ಅಪ್ಪ ಅಮ್ಮನ ಮುಂದೆ ಹೇಗೆ ಹೇಳೋದು? ಅದಕ್ಕೇ ಜೋಕು ಮಾಡಿದ್ದ.

ಶೆಡಿಂಜಾನ ಚೆನ್ನಾಗಿ ಆಡಿಸುವವರ ಆಟ ನೋಡಿದರೆ ಒಂದು ವಿಷಯ ಗೊತ್ತಾಗುತ್ತೆ. ಅವನ ಗೆಲುವು ಅವನೊಬ್ಬನದಲ್ಲ. ಅವನು ಕಣಕ್ಕೆ ಬರುವ ಮುಂಚೆ ತಂಡದ ಬೇರೆ ಯಾರೋ ರ‍್ಯಾಪಿಡ್ ಸ್ಪಿನ್ ಹಾಕಿ ನೆಲದ ಕಲ್ಲನ್ನೆಲ್ಲ ಗುಡಿಸಿರುತ್ತಾರೆ. ಮರಳುಗಾಳಿ ತರುವವನನ್ನು ಇನ್ಯಾರೋ ಮೊದಲೇ ಕೆಡವಿರುತ್ತಾರೆ. 2019ರ ‘ಸ್ವೋರ್ಡ್’ ಮತ್ತು ‘ಶೀಲ್ಡ್’ ಆಟಗಳಲ್ಲಿ ಹೆವಿ ಡ್ಯೂಟಿ ಬೂಟ್ಸ್ ಅಂತ ಬಂತು. ಹಾಕಿಸಿದರೆ ಕಲ್ಲು ಚುಚ್ಚೋದಿಲ್ಲ. ಅದನ್ನೂ ಆಡಿಸುವವರೇ ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಯಾವಾಗ ವಾಪಸ್ ಕರೀಬೇಕು ಅನ್ನೋದು. ಅವನು ತಾನಾಗಿ ‘ಸಾಕು’ ಅಂತ ಹೇಳೋದಿಲ್ಲ. ಸ್ಕ್ರೀನಿನಲ್ಲಿ ಕೊನೆಯವರೆಗೂ ಒಂದರಲ್ಲಿ ಒಂದು, ಫುಲ್ ಅಂತಲೇ ತೋರಿಸುತ್ತಾ ಇರುತ್ತೆ. ನೋಡುವವರಿಗೆ ಗೊತ್ತಿರಬೇಕು.

ನಮ್ಮೆಲ್ಲರ ಆಫೀಸಿನಲ್ಲೂ, ಮನೆಯಲ್ಲೂ ಇಂಥವರು ಇರ್ತಾರೆ. ಏನಂದರೂ ನಗುವವರು, ‘ಅವ್ನಿಗೇನ್ ಬಿಡು, ಏನೂ ತಾಗಲ್ಲ’ ಅಂತ ಅನ್ನಿಸಿಕೊಂಡವರು. ಅವರ ಐದು ಜಾಗ ಯಾವುದು ಅಂತ ಹೊರಗಿನವರಿಗೆ ಗೊತ್ತಿರೋದಿಲ್ಲ. ಗೊತ್ತಿರೋದು ನಮಗೆ, ನಮ್ಮ ಹತ್ತಿರ ಅವರು ಅತ್ತಿದ್ದರಿಂದ. ಒಬ್ಬರು ನಂಬಿ ಹೇಳಿಕೊಂಡದ್ದನ್ನು ಜಗಳಕ್ಕೆ ಅಂತ ಎತ್ತಿಟ್ಟುಕೊಳ್ಳಬಾರದು. ನನಗೆ ಇದು ಹೊತ್ತಿಗೆ ಸರಿಯಾಗಿ ಹೊಳೀಲಿಲ್ಲ. ನಿಮಗೆ ಹೊಳೀಲಿ ಅಂತ ಬರೆದೆ.

ತಮ್ಮನನ್ನು ಕೇಳಿಯೇ ಬರೆದದ್ದು. ‘ನನ್ ಹೆಸ್ರು ಹಾಕ್ಬೇಡ. ಶೆಡಿಂಜಾ ಬಗ್ಗೆ ಮಾತ್ರ ತಪ್ಪು ಬರೀಬೇಡ, ಮರ್ಯಾದೆ ಹೋಗತ್ತೆ’ ಅಂದ. ಕೆಲಸ ಇನ್ನೂ ಸಿಕ್ಕಿಲ್ಲ. ನಿದ್ದೆ ಪರವಾಗಿಲ್ಲವಂತೆ. ಚೌತಿಗೆ ಊರಿಗೆ ಬರ್ತಾನೆ.

ಅವತ್ತು ಫೋನ್ ಹಿಡಿದುಕೊಂಡೇ ಇನ್ನೊಮ್ಮೆ ಆಡಿದೆ. ತಿಮಿಂಗಿಲ ಬಿತ್ತು. ಟೆಂಟಾಕ್ರುಯಲ್ ಬಂದ ಕೂಡಲೇ ಶೆಡಿಂಜಾನ ವಾಪಸ್ ಕರೆದೆ. ಈ ಸಲ ಬಹಳ ದೂರ ಹೋದೆ, ಕೊನೆಯ ಮಿಲೋಟಿಕ್ ಒಂದೇ ಬಾಕಿ ಇತ್ತು. ಆ ಕಡೆಯಿಂದ ತಮ್ಮ ಅಂದ:

‘ಅಕ್ಕಾ, ಅಷ್ಟಕ್ಕೇ ನಿಲ್ಸು. ಆಫ್ ಮಾಡು. ಉಳಿದದ್ದು ನಾನ್ ಬಂದು ಆಡ್ತೀನಿ.’

ಆಫ್ ಮಾಡಿದೆ. ಸೆಲ್ ತೆಗೆದು, ಅದೇ ಬಟ್ಟೆಯಲ್ಲಿ ಸುತ್ತಿ, ಈ ಸಲ ಅಟ್ಟಕ್ಕೆ ಹಾಕದೆ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೀನಿ.